ಬೆರಳ ಗೆಣ್ಣು ಊದಿದೆಯಾ? ರಕ್ತ ಕೊಡುವ ಮೊದಲು ಕೈ ನೋಡಿಕೊಳ್ಳಿ

ರಾಯಚೂರಿನ ಒಂದು ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಯಾರಾದರೂ ಒಬ್ಬರು ನಿಂತಿರುತ್ತಾರೆ, "ವಾಯು ಟೆಸ್ಟ್ ಮಾಡ್ರಿ" ಅಂತ. ಅಂದರೆ ಸಂಧಿವಾತದ ರಕ್ತ ಪರೀಕ್ಷೆ. ಕೈ ಚಾಚಿದಾಗ ನೋಡಿದರೆ ಬೆರಳ ಗೆಣ್ಣುಗಳಲ್ಲಿ ಬಾವು. ಡಾಕ್ಟರಿಗೆ ತೋರಿಸಿದ್ದೀರಾ ಅಂದರೆ ಇಲ್ಲ. ಸಂಜೆ ರಿಪೋರ್ಟ್ ತೆಗೆದುಕೊಂಡು ಸೀದಾ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಪಾಸಿಟಿವ್ ಬಂದವರು ಕೈ ಸೊಟ್ಟಗಾಗುತ್ತದೆ ಎಂದು ಅಳುತ್ತಾರೆ. ನೆಗೆಟಿವ್ ಬಂದವರು ಏನೂ ಇಲ್ಲ ಎಂದು ಹತ್ತಿ ಬಿಡಿಸಲು ಹೊರಟುಬಿಡುತ್ತಾರೆ. ಇಬ್ಬರದೂ ತಪ್ಪಾಗಿರಬಹುದು. ಯಾಕೆಂದರೆ ಬೆರಳು ಯಾಕೆ ಊದಿದೆ ಎನ್ನುವುದರ ಮುಕ್ಕಾಲು ಉತ್ತರ ಕೈಯಲ್ಲೇ ಇರುತ್ತದೆ, ರಕ್ತದಲ್ಲಿ ಅಲ್ಲ. ಅದನ್ನು ಮನೆಯಲ್ಲೇ ನೋಡಿಕೊಂಡು, ಬರೆದುಕೊಂಡು ಡಾಕ್ಟರ ಮುಂದೆ ಕೂರುವುದು ಹೇಗೆ ಅಂತ ಹೇಳುತ್ತೇನೆ.

ಹಂತ 1: ಉಂಗುರ ತೆಗೆಯಿರಿ

ಇವತ್ತೇ ತೆಗೆಯಿರಿ. ಕೈ ಮೇಲೆತ್ತಿ ಐದು ನಿಮಿಷ ಹಿಡಿದು, ತಣ್ಣೀರಲ್ಲಿ ಅದ್ದಿ, ಸೋಪು ಹಚ್ಚಿ ತಿರುಗಿಸುತ್ತಾ ತೆಗೆಯಿರಿ. ಬರದಿದ್ದರೆ ಪತ್ತಾರರ ಹತ್ತಿರ ಕತ್ತರಿಸಿಸಿ. ಚಿನ್ನ ಮತ್ತೆ ಬೆಸೆಯಬಹುದು. ಬಾವು ಇಳಿಯಲಿ ಎಂದು ತಾಮ್ರದ ಉಂಗುರ ಹಾಕಿಕೊಳ್ಳುವವರೂ ಇದ್ದಾರೆ, ದಯವಿಟ್ಟು ಬೇಡ. ಅದು ಬಾವು ಇಳಿಸುವುದಿಲ್ಲ. ಊದಿದ ಬೆರಳಿಗೆ ಅದೇ ಬಿಗಿಯಾಗಿ ಕೂರುತ್ತದೆ.

ಹಂತ 2: ಇವತ್ತೇ ಆಸ್ಪತ್ರೆಗೆ ಹೋಗಬೇಕಾ ನೋಡಿ

ಒಂದೇ ಬೆರಳು ಕೆಂಪಾಗಿ ಬಿಸಿಯಾಗಿ ಪಟಪಟ ಬಡಿಯುತ್ತಿದೆಯಾ? ಜ್ವರ ಇದೆಯಾ? ಬೆರಳು ಬಗ್ಗಿಯೇ ನಿಂತು, ನೆಟ್ಟಗೆ ಮಾಡಲು ಹೋದರೆ ಜೀವ ಹೋದಂತೆ ಆಗುತ್ತದೆಯಾ? ಹಾಗಿದ್ದರೆ ಒಳಗೆ ಕೀವು ಆಗಿರಬಹುದು. ಮುಂದಿನ ಹಂತಗಳನ್ನು ಓದುತ್ತಾ ಕೂರಬೇಡಿ, ಇವತ್ತೇ ಹೋಗಿ. ಶುಗರ್ ಇದ್ದವರಂತೂ ರಾತ್ರಿ ಕಳೆಯಲಿ ಎನ್ನಬೇಡಿ. ಗರ್ಭಿಣಿಯರಿಗೆ ಕೈ, ಮುಖ ಒಟ್ಟಿಗೆ ಊದಿದರೆ ಅದು ಗೆಣ್ಣಿನ ವಿಷಯವೇ ಅಲ್ಲ. ಆ ದಿನವೇ ಬಿಪಿ ನೋಡಿಸಬೇಕು.

ಹಂತ 3: ಯಾವ ಗೆಣ್ಣು, ಗಟ್ಟಿಯೋ ಮೆತ್ತಗೋ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ನಿಧಾನವಾಗಿ ಮಾಡಿ. ಬೆಳಕಿಗೆ, ಕಟ್ಟೆಯ ಮೇಲೆ ಬಂದು ಕೂತುಕೊಳ್ಳಿ. ಎರಡೂ ಕೈ ಮುಂದೆ ಚಾಚಿ.

ಹೆಬ್ಬೆರಳು ಬಿಟ್ಟರೆ ಪ್ರತಿ ಬೆರಳಿಗೂ ಮೂರು ಗೆಣ್ಣು. ಉಗುರಿನ ಹತ್ತಿರದ್ದು, ನಡುವಿನದ್ದು, ಬೆರಳು ಅಂಗೈಗೆ ಸೇರುವ ಬುಡದ್ದು. ಕಾಗದದ ಮೇಲೆ ನಿಮ್ಮ ಕೈ ಇಟ್ಟು ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ, ಮಕ್ಕಳು ಮಾಡುತ್ತಾರಲ್ಲ ಹಾಗೆ. ಊದಿದ ಗೆಣ್ಣಿಗೆಲ್ಲ ಚುಕ್ಕೆ ಇಡಿ.

ಈಗ ಮುಷ್ಟಿ ಕಟ್ಟಿ. ಬುಡದ ಗೆಣ್ಣುಗಳು ನಾಲ್ಕು ಗುಡ್ಡದಂತೆ ಏಳುತ್ತವೆ, ನಡುವೆ ಮೂರು ತಗ್ಗು ಇರಬೇಕು. ತಗ್ಗು ತುಂಬಿಕೊಂಡಿದ್ದರೆ ಅಲ್ಲಿ ಬಾವಿದೆ. ಕಣ್ಣಿಗೆ ಊತ ಕಾಣದವರಿಗೂ ಇದು ತೋರಿಸಿಕೊಡುತ್ತದೆ.

ಆಮೇಲೆ ಒತ್ತಿ ನೋಡಬೇಕು. ಒಂದು ಕೈಯ ಹೆಬ್ಬೆರಳು, ತೋರುಬೆರಳಿನಿಂದ ಗೆಣ್ಣಿನ ಎಡಬಲ ಹಿಡಿಯಿರಿ. ಇನ್ನೊಂದು ಕೈಯ ಎರಡು ಬೆರಳಿನಿಂದ ಮೇಲೆ ಕೆಳಗೆ ಒತ್ತಿ. ಎರಡು ಕೈ ಬೇಕಾದ್ದರಿಂದ ಮನೆಯ ಇನ್ನೊಬ್ಬರು ಮಾಡಿದರೆ ಒಳ್ಳೆಯದು. ಎಷ್ಟು ಜೋರು? ಒತ್ತುವವರ ಉಗುರು ಬೆಳ್ಳಗಾಗುವಷ್ಟು ಸಾಕು, ಅದಕ್ಕಿಂತ ಜಾಸ್ತಿ ಒತ್ತಿದರೆ ಆರೋಗ್ಯವಾಗಿರುವ ಗೆಣ್ಣೂ ನೋಯುತ್ತದೆ. ಒಳಗೆ ನೀರು ತುಂಬಿದ್ದರೆ ಮೇಲೆ ಒತ್ತಿದಾಗ ಪಕ್ಕದಲ್ಲಿ ಹಿಡಿದ ಬೆರಳುಗಳನ್ನು ಅದು ಮೆತ್ತಗೆ ತಳ್ಳುತ್ತದೆ. ನಾದಿದ ಹಿಟ್ಟು ಒತ್ತಿದ ಹಾಗೆ. ಒಳಗಿರುವುದು ಎಲುಬೇ ಆದರೆ ಏನೂ ಜರುಗುವುದಿಲ್ಲ. ಚರ್ಮದ ಕೆಳಗೆ ಹುಣಸೆ ಬೀಜ ಇಟ್ಟ ಹಾಗೆ ಗಟ್ಟಿ ಇರುತ್ತದೆ.

ಈ ಒಂದು ವ್ಯತ್ಯಾಸ ಬಹಳ ದೊಡ್ಡದು. ಉಗುರಿನ ಹತ್ತಿರ, ನಡುವಿನ ಗೆಣ್ಣಿನಲ್ಲಿ ಗಟ್ಟಿ ಗಂಟು, ಹೆಬ್ಬೆರಳ ಬುಡದಲ್ಲಿ ನೋವು, ವಯಸ್ಸು ಐವತ್ತರ ಆಸುಪಾಸು, ಅವ್ವನಿಗೂ ಹೀಗೇ ಇತ್ತು ಅಂದರೆ ಅದು ಬಹುತೇಕ ಕೀಲು ಸವೆತ. ಮುಟ್ಟು ನಿಂತ ಹೆಂಗಸರಲ್ಲಿ ತುಂಬಾ ಸಾಮಾನ್ಯ. ಗಂಟು ನೋಡಲು ಚೆನ್ನಾಗಿ ಕಾಣುವುದಿಲ್ಲ, ಆದರೆ ಹೆದರುವಂಥದ್ದಲ್ಲ. ನೆಟಿಗೆ ಮುರಿದಿದ್ದಕ್ಕೆ ಬಂತು ಎನ್ನುತ್ತಾರೆ, ಅದು ಸುಳ್ಳು.

ಬುಡದ ಮತ್ತು ನಡುವಿನ ಗೆಣ್ಣು ಮೆತ್ತಗೆ ಊದಿ, ಮಣಿಕಟ್ಟೂ ಸೇರಿ, ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇದ್ದರೆ ರುಮಟಾಯ್ಡ್ ಸಂಧಿವಾತ ಇರಬಹುದು. ಅಂದರೆ ಮೈಯ ರಕ್ಷಣಾ ಶಕ್ತಿಯೇ ಕೀಲಿನ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ಇದರಲ್ಲಿ ತಡ ಮಾಡಿದಷ್ಟೂ ಎಲುಬು ಕೊರೆದುಹೋಗುತ್ತದೆ. ಮೊದಲ ಮೂರು ತಿಂಗಳೊಳಗೆ ಔಷಧಿ ಶುರುವಾದರೆ ಕೈ ಉಳಿಯುವ ಸಾಧ್ಯತೆ ಹೆಚ್ಚು.

ಗೆಣ್ಣಷ್ಟೇ ಅಲ್ಲದೆ ಇಡೀ ಬೆರಳು ಬದನೆಕಾಯಿಯಂತೆ ಊದಿದ್ದರೆ ಉಗುರು ನೋಡಿ. ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ತಗ್ಗು ಇವೆಯಾ? ತಲೆಯಲ್ಲಿ, ಮೊಣಕೈ ಮೇಲೆ ಬಿಳಿ ಹೊಟ್ಟು ಏಳುತ್ತದೆಯಾ? ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇದ್ದವರಿಗೆ ಬರುವ ಕೀಲುವಾತ ಹೀಗಿರುತ್ತದೆ. ತಲೆಹೊಟ್ಟು ಎಂದು ಶಾಂಪೂ ಬದಲಿಸುತ್ತಾ ಇರುವವರು ಅದನ್ನು ಬೆರಳಿನ ಡಾಕ್ಟರಿಗೆ ಹೇಳುವುದೇ ಇಲ್ಲ. ಹೇಳಿ.

ಒಂದೇ ಒಂದು ಗೆಣ್ಣು, ವಾರಗಟ್ಟಲೆ ಇಳಿಯದ ಬಾವು. ಇಲ್ಲಿ ನಮ್ಮ ಸೀಮೆಯವರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ: ಮುಳ್ಳು ಚುಚ್ಚಿತ್ತಾ? ಬಳ್ಳಾರಿ ಜಾಲಿಯ ಮುಳ್ಳು ಒಳಗೇ ಮುರಿದು ಉಳಿದರೆ ಗಾಯ ಮಾಯ್ದ ಮೇಲೂ ಗೆಣ್ಣು ಊದಿಕೊಂಡೇ ಇರುತ್ತದೆ. ಕಟ್ಟಿಗೆ ತಂದ ದಿನ ಚುಚ್ಚಿದ್ದು ಯಾರಿಗೆ ನೆನಪಿರುತ್ತದೆ ಹೇಳಿ. ಎಕ್ಸ್‌ರೇಯಲ್ಲಿ ಮುಳ್ಳು ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಕಾಣಬಹುದು. ನೀವು ಹೇಳದಿದ್ದರೆ ಡಾಕ್ಟರಿಗೆ ಅದು ಹೊಳೆಯುವುದೂ ಕಷ್ಟ.

ಹಂತ 4: ಬೆಳಿಗ್ಗೆಯ ಬಿಗಿತ ಎಷ್ಟು ಹೊತ್ತು

ನಮ್ಮ ಚಿಗವ್ವ ಸಿಂಧನೂರಿನ ಹತ್ತಿರದ ಊರಿನವಳು. ಹಬ್ಬಕ್ಕೆ ಹೋದಾಗ ಬೆಳಿಗ್ಗೆ ಒಲೆ ಮುಂದೆ ಸುಮ್ನೆ ಕೂತಿದ್ದಳು. ಜೋಳದ ಹಿಟ್ಟು ಪರಾತದಲ್ಲಿ ಹಾಗೇ ಇತ್ತು. ಕೇಳಿದರೆ, "ಕೈ ಬಗ್ಗವಲ್ವು. ಬಿಸಲೇರಿದ ಮ್ಯಾಲ ರೊಟ್ಟಿ ಬಡೀತೀನಿ" ಅಂದಳು. ಎಷ್ಟು ದಿನದಿಂದ ಅಂದೆ. ನಾಟಿ ಮುಗಿದಾಗಿನಿಂದ ಅಂದಳು. ಅಂದರೆ ಎರಡು ತಿಂಗಳು. ಗದ್ದೆ ಕೆಲಸದ ನೋವು ಎಂದು ಮನೆಯವರೆಲ್ಲ ತಿಳಿದಿದ್ದರು. ಕೈ ಹಿಡಿದು ನೋಡಿದೆ. ಬುಡದ ಗೆಣ್ಣುಗಳ ನಡುವೆ ಒಂದು ತಗ್ಗೂ ಇರಲಿಲ್ಲ.

ಎದ್ದ ಮೇಲೆ ಬೆರಳು ಸಡಿಲವಾಗಲು ಎಷ್ಟು ಹೊತ್ತು ಬೇಕು ಎನ್ನುವುದನ್ನು ಏಳು ದಿನ ಬರೆದಿಡಿ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಕೆಲಸ ಮಾಡಿದಷ್ಟೂ ಸಂಜೆಗೆ ನೋವು ಏರುತ್ತದೆ. ರುಮಟಾಯ್ಡ್ ಬಿಗಿತ ಒಂದು ಗಂಟೆ, ಎರಡು ಗಂಟೆ ಇರುತ್ತದೆ, ಕೈ ಆಡಿಸಿದಂತೆ ಕಡಿಮೆಯಾಗುತ್ತದೆ. ಗಡಿಯಾರ ನೋಡಲು ಪುರುಸೊತ್ತಿಲ್ಲದಿದ್ದರೆ ಕೆಲಸದ ಲೆಕ್ಕ ಇಡಿ: ನಳ ತಿರುಗಿಸಲು ಬಂತಾ, ಕುಪ್ಪಸದ ಹುಕ್ಕು ಹಾಕಲು ಬಂತಾ, ಹಿಟ್ಟು ನಾದಲು ಬಂತಾ. ನೋಟುಬುಕ್ಕಿನಲ್ಲೇ ಬರೆಯಿರಿ, ನೆನಪಿಟ್ಟುಕೊಳ್ಳುತ್ತೇನೆ ಎನ್ನಬೇಡಿ. ಎದ್ದ ಕೂಡಲೇ ಕೈಯ ಫೋಟೋ ಒಂದು ತೆಗೆಸಿ. ಆಸ್ಪತ್ರೆಯ ಸಾಲಿನಲ್ಲಿ ನಿಮ್ಮ ಸರದಿ ಬರುವಷ್ಟರಲ್ಲಿ ಹನ್ನೊಂದಾಗಿ, ಬಾವು ಇಳಿದು, ತೋರಿಸಲು ಏನೂ ಇಲ್ಲದಿರಬಹುದು.

ಹಂತ 5: ಹಿಂದಿನ ಮೂರು ತಿಂಗಳು ನೆನಪಿಸಿಕೊಳ್ಳಿ

ಜ್ವರ ಬಂದಿತ್ತಾ? ಚಿಕೂನ್‌ಗುನ್ಯಾ ಆದ ಕೆಲವರಿಗೆ ಜ್ವರ ಬಿಟ್ಟ ಮೇಲೂ ಬೆರಳು, ಮಣಿಕಟ್ಟು ತಿಂಗಳುಗಟ್ಟಲೆ ಊದುತ್ತವೆ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳಿದ್ದರು, ನಮ್ಮ ಹಿರಿಯರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ನಳದ ನೀರು ದಿನ ಬಿಟ್ಟು ದಿನ ಬರುವ ಕಡೆ ಡ್ರಮ್ಮು ಮುಚ್ಚದೆ ಇಟ್ಟರೆ ಈ ಜ್ವರ ಹರಡುವ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ. ರಾತ್ರೋರಾತ್ರಿ ಒಂದು ಗೆಣ್ಣು ಕೆಂಪಾಗಿ ಊದಿ, ಹಿಂದೆ ಕಾಲಿನ ಹೆಬ್ಬೆರಳಿಗೂ ಹೀಗೆ ಆಗಿದ್ದರೆ ಅದು ಗೌಟ್ ಇರಬಹುದು, ಅಂದರೆ ಯೂರಿಕ್ ಆಸಿಡ್ ಹರಳು ಕೀಲಿನಲ್ಲಿ ಕೂತು ಬರುವ ಕಾಯಿಲೆ. ಇನ್ನು ನಮ್ಮ ಭಾಗದ ಬೋರ್‌ವೆಲ್ ನೀರಿನ ಫ್ಲೋರೈಡ್. ಅದರ ತೊಂದರೆ ನಿಜ, ಆದರೆ ಅದು ಮುಖ್ಯವಾಗಿ ಬೆನ್ನು, ಕುತ್ತಿಗೆ ಬಿಗಿಸುತ್ತದೆ. ಬೆರಳ ಗೆಣ್ಣಿನ ಮೆತ್ತನೆಯ ಬಾವಿಗೆ ನೀರನ್ನು ದೂರಿ ಸುಮ್ಮನಾಗಬೇಡಿ.

ಹಂತ 6: ಈಗ ರಕ್ತ, ಡಾಕ್ಟರು ಬರೆದುಕೊಟ್ಟ ಮೇಲೆ

ನಾವೇ ಕೊಡುವ "ಕೀಲುನೋವಿನ ಪ್ಯಾಕೇಜ್" ಬಗ್ಗೆ ಹೇಳಿಬಿಡುತ್ತೇನೆ. ಅದರಲ್ಲಿ ಆರ್‌ಎ ಫ್ಯಾಕ್ಟರ್ ಇರುತ್ತದೆ, ರುಮಟಾಯ್ಡ್ ಹುಡುಕುವ ಟೆಸ್ಟು. ರುಮಟಾಯ್ಡ್ ಇರುವ ನೂರು ಜನರಲ್ಲಿ 20ರಿಂದ 30 ಜನರಿಗೆ ಅದು ನೆಗೆಟಿವ್ ಬರುತ್ತದೆ. ಏನೂ ಇಲ್ಲದ ವಯಸ್ಸಾದವರಿಗೆ ಪಾಸಿಟಿವ್ ಬರುವುದೂ ಉಂಟು. ಆ್ಯಂಟಿ ಸಿಸಿಪಿ ಎಂಬ ಟೆಸ್ಟು ಇದಕ್ಕಿಂತ ಖಚಿತ. ಎಎಸ್‌ಒ ಇರುತ್ತದೆ, ಅದು ಗಂಟಲಿನ ಒಂದು ಸೋಂಕಿಗೆ ಸಂಬಂಧಿಸಿದ್ದು, ದೊಡ್ಡವರ ಬೆರಳ ಬಾವಿಗೆ ಬಹುತೇಕ ದಂಡ. ಇಎಸ್‌ಆರ್ ಮೈಯಲ್ಲಿ ಎಲ್ಲೋ ಬಾವಿದೆ ಎಂದು ಸೂಚಿಸುವ ಟೆಸ್ಟು, ಆದರೆ ಅದು ಬರೀ ರಕ್ತ ಕಡಿಮೆ ಇದ್ದರೂ ಏರುತ್ತದೆ. ಯೂರಿಕ್ ಆಸಿಡ್ ಜಾಸ್ತಿ ಬಂದ ಎಲ್ಲರಿಗೂ ಗೌಟ್ ಇರುವುದಿಲ್ಲ, ಗೌಟ್ ಕೆರಳಿದ ದಿನವೇ ಅದು ಸರಿಯಾಗಿ ಬರಲೂಬಹುದು. ಹಾಗಾಗಿ ಪ್ಯಾಕೇಜಿನ ದುಡ್ಡು ಉಳಿಸಿ, ಅದೇ ದುಡ್ಡಲ್ಲಿ ಡಾಕ್ಟರ ಹತ್ತಿರ ಹೋಗಿ.

ಯಾವ ಡಾಕ್ಟರು? ಏಟು, ಮುಳ್ಳು ಆದರೆ ಎಲುಬಿನ ಡಾಕ್ಟರು. ಮೆತ್ತನೆಯ ಬಾವು, ಉದ್ದ ಬಿಗಿತ ಇದ್ದರೆ ಎಲುಬಿನವರಲ್ಲ, ಮೆಡಿಸಿನ್ ವಿಭಾಗ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ರಾಯಚೂರಿನ ರಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ಕೊಪ್ಪಳದ ಕಿಮ್ಸ್ ಎಲ್ಲ ಕಡೆ ಆ ವಿಭಾಗ ಇದೆ. ಸಂಧಿವಾತದ ತಜ್ಞರು ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 7: ಇವು ಬೇಡ

ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಪುಡಿ, ಹೆಸರಿಲ್ಲದ ಕರಿ ಗುಳಿಗೆ ಬೇಡವೇ ಬೇಡ. ಎರಡೇ ದಿನದಲ್ಲಿ ಬಾವು ಇಳಿದರೆ ಖುಷಿಪಡಬೇಡಿ, ಅದರಲ್ಲಿ ಸ್ಟೆರಾಯ್ಡ್ ಬೆರೆಸಿರಬಹುದು. ತಿಂಗಳುಗಟ್ಟಲೆ ತಿಂದವರ ಮುಖ ದುಂಡಗಾಗಿ, ಚರ್ಮ ತೆಳುವಾಗಿ, ಶುಗರ್ ಏರಿ ಬರುವುದನ್ನು ನಾನು ಲ್ಯಾಬಿನಲ್ಲಿ ನೋಡುತ್ತಲೇ ಇದ್ದೇನೆ. ಈಗಾಗಲೇ ಬಹಳ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಅದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ನೋವಿನ ಇಂಜೆಕ್ಷನ್ ವಾರಕ್ಕೊಂದು ಹಾಕಿಸಿಕೊಂಡರೆ ಹೊಟ್ಟೆ, ಕಿಡ್ನಿ ಹಾಳಾಗಬಹುದು. ಬೆರಳಿಗೆ ಬರೆ ಹಾಕಿಸುವುದು, ಸುಣ್ಣ ಮೆತ್ತುವುದು, ಎಣ್ಣೆ ತಿಕ್ಕಿ ಬೆರಳು ಜಗ್ಗಿಸುವುದು ಬೇಡ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೈ ಅದ್ದಿ ಮೆಲ್ಲಗೆ ಬಿಚ್ಚಿ ಮಡಚುವುದು, ಅಷ್ಟು ಸಾಕು.

ಚಿಗವ್ವನಿಗೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು. ನೋಟುಬುಕ್ಕು, ಫೋಟೋ ನೋಡಿದ ಡಾಕ್ಟರು ಸಿಸಿಪಿ ಮಾಡಿಸಿದರು, ಅದು ಪಾಸಿಟಿವ್. ಈಗ ಮೆಥೊಟ್ರೆಕ್ಸೇಟ್ ಎಂಬ ರುಮಟಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿದವರ ಜೀವ ಹೋಗಿದ್ದಿದೆ. ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್, ಆಗಾಗ ಲಿವರ್ ಮತ್ತು ರಕ್ತದ ಪರೀಕ್ಷೆ. ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಅವಳಿಗೆ ಓದಲು ಬರುವುದಿಲ್ಲ, ಅದಕ್ಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎಲ್ಲ ಸೋಮವಾರಗಳಿಗೂ ಕೆಂಪು ಸುತ್ತು ಹಾಕಿಕೊಟ್ಟಿದ್ದೇನೆ. ಮಾತ್ರೆ ನುಂಗಿದ ಕೂಡಲೇ ಆ ಸುತ್ತಿಗೆ ಕುಂಕುಮ ಹಚ್ಚುತ್ತಾಳೆ.