ದೊಡ್ಡ ಕರುಳಿನ ಕ್ಯಾನ್ಸರ್: ಗೆಡ್ಡೆಯ ಜೀನ್ ವರದಿಯನ್ನು ಓದುವ ಕ್ರಮ

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಚಿಕಿತ್ಸೆಗಾಗಿ ಮುಂಬಯಿಯ ಪರೇಲ್‌ಗೆ ಬರುವವರ ಕೈಯಲ್ಲಿ, ಡೊಂಬಿವಲಿ, ಮಾಟುಂಗಾಗಳಲ್ಲಿ ನೆಲೆಸಿರುವ ನಮ್ಮವರ ಕೈಯಲ್ಲಿ ಕೂಡ, ಈಗ ಬಯಾಪ್ಸಿ ವರದಿಯ ಜೊತೆಗೆ ಜೀನ್ ಹೆಸರುಗಳು ತುಂಬಿದ ಇನ್ನೊಂದು ಕಾಗದವಿರುತ್ತದೆ. ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನನ್ನು ಕಂಡಾಗ ಅವರು ಮೊದಲು ಕೇಳುವುದು "ಇದು ಒಳ್ಳೆಯದೋ ಕೆಟ್ಟದ್ದೋ" ಎಂದು. ಆ ಒಂದೇ ಪ್ರಶ್ನೆಯನ್ನು ಹಿಡಿದು ಓದಿದರೆ ವರದಿ ಅರ್ಥವಾಗುವುದಿಲ್ಲ, ಏಕೆಂದರೆ ಅದರ ಒಂದೊಂದು ಸಾಲೂ ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ.

ಮೊದಲು ಬ್ಲಾಕ್ (ಗೆಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿ) ಸಂಖ್ಯೆಯನ್ನು ಶಸ್ತ್ರಚಿಕಿತ್ಸೆಯ ಅಥವಾ ಬಯಾಪ್ಸಿಯ ವರದಿಯೊಂದಿಗೆ ಹೋಲಿಸಿ ನೋಡಿ. ಗುದನಾಳದ ಕ್ಯಾನ್ಸರಿಗೆ ಕೀಮೋ, ರೇಡಿಯೇಷನ್ ಆದ ಮೇಲೆ ತೆಗೆದ ಮಾದರಿಯಲ್ಲಿ, ಡಿಎನ್‌ಎ ತಪ್ಪು ತಿದ್ದುವ ಎಂಎಸ್‌ಎಚ್6 ಎಂಬ ಪ್ರೋಟೀನ್ ಕುಗ್ಗಿ ಕಾಣಿಸಬಹುದು. ಆಗ ಚಿಕಿತ್ಸೆಗೆ ಮುಂಚಿನ ಬಯಾಪ್ಸಿಯಲ್ಲೇ ಮರುಪರೀಕ್ಷೆ ಸಾಧ್ಯವೇ ಎಂದು ಕೇಳಬೇಕು.

ಅನಂತರ, ಸಾಲು ಯಾವುದರ ಬಗ್ಗೆ ಹೇಳುತ್ತಿದೆ ಎಂಬುದನ್ನು ಗುರುತಿಸಿ. ಜೀನ್‌ನ ಬರಹವೇ ಬದಲಾಗಿದ್ದರೆ ಅದು ಮ್ಯುಟೇಷನ್. ಆ ಬರಹದಿಂದ ಆರ್‌ಎನ್‌ಎ, ಪ್ರೋಟೀನ್ ಎಷ್ಟು ತಯಾರಾಗುತ್ತಿದೆ ಎಂಬುದು ಎಕ್ಸ್‌ಪ್ರೆಷನ್, ಅಂದರೆ ಅಭಿವ್ಯಕ್ತಿ. ರಕ್ತದಲ್ಲಿ ಅಳೆಯುವ ಸಿಇಎ ಎಂಬ ಕ್ಯಾನ್ಸರ್ ಸೂಚಕ ಇವೆರಡಕ್ಕೂ ಸೇರಿದ್ದಲ್ಲ.

ಅತ್ಯಂತ ನಿಧಾನವಾಗಿ ಓದಬೇಕಾದ ಭಾಗ ಎಂಎಂಆರ್ (ಮಿಸ್‌ಮ್ಯಾಚ್ ರಿಪೇರ್), ಅಂದರೆ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ. ಕೋಶ ಇಬ್ಭಾಗವಾಗುವಾಗ ಡಿಎನ್‌ಎ ನಕಲಿನಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳು ಇಲ್ಲಿರುತ್ತವೆ. ವಿಜಯಪುರದ ಒಬ್ಬ ತಾಯಿ ನನ್ನನ್ನು ಕೇಳಿದ್ದರು: "ಪ್ರೋಟೀನ್ ಲಾಸ್ ಆಗೇದಂತ ಬರದಾರ್ರಿ, ನಮ್ಮಣ್ಣಗ ಊಟ ಸಾಲವಲ್ದೇನ್ರಿ?" ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಬಣ್ಣ ಹಾಕಿದ ಸ್ಲೈಡಿನಲ್ಲಿ ಪ್ರೋಟೀನ್ ಇರುವ ಕೋಶದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ್ದು ನೀಲಿಯಾಗಿಯೇ ಉಳಿಯುತ್ತದೆ. ಗೆಡ್ಡೆಯ ಕೋಶಗಳೆಲ್ಲ ನೀಲಿಯಾಗಿದ್ದು, ಅವುಗಳ ನಡುವೆಯೇ ಇರುವ ಲಿಂಫೋಸೈಟ್‌ಗಳು (ಸಹಜ ಬಿಳಿ ರಕ್ತಕಣಗಳು) ಕಂದಾಗಿದ್ದರೆ ಮಾತ್ರ "ಲಾಸ್" ಎಂದು ಬರೆಯುತ್ತೇವೆ. ಲಿಂಫೋಸೈಟ್‌ಗಳೂ ನೀಲಿಯಾಗಿದ್ದರೆ ಪರೀಕ್ಷೆಯೇ ಕೈಕೊಟ್ಟಿದೆ ಎಂದರ್ಥ, ಅದನ್ನು ಮತ್ತೆ ಮಾಡಬೇಕು.

ಈ ಪ್ರೋಟೀನುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಕೂಡ ನಿಲ್ಲುವುದಿಲ್ಲ; ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕೂಡ ಹೋಗುತ್ತದೆ. ಮೊದಲ ಜೋಡಿ ಇಲ್ಲವಾಗಿದ್ದರೆ ಬಿ-ರಾಫ್ ವಿ600ಇ (ಬಿ-ರಾಫ್ ಜೀನ್‌ನ ಒಂದು ಮ್ಯುಟೇಷನ್) ಅಥವಾ ಎಂಎಲ್‌ಎಚ್1 ಮೆಥೈಲೇಷನ್ (ಜೀನ್‌ನ ಬರಹ ಬದಲಾಗದೆ ಅದರ ಬಾಯಿ ಮುಚ್ಚಿಸುವ ರಾಸಾಯನಿಕ ಗುರುತು) ಪರೀಕ್ಷೆಯ ಫಲಿತಾಂಶವನ್ನು ಹುಡುಕಿ; ಅದು ಪಾಸಿಟಿವ್ ಇದ್ದರೆ ದೋಷ ಬಹುಮಟ್ಟಿಗೆ ಗೆಡ್ಡೆಯಲ್ಲೇ ಹುಟ್ಟಿದ್ದು. ಅದು ನೆಗೆಟಿವ್ ಇದ್ದರೆ, ಅಥವಾ ಎರಡನೆಯ ಜೋಡಿ ಇಲ್ಲವಾಗಿದ್ದರೆ, ಇಲ್ಲವೇ ಎಂಎಸ್‌ಎಚ್6 ಅಥವಾ ಪಿಎಂಎಸ್2 ಒಂಟಿಯಾಗಿ ಹೋಗಿದ್ದರೆ, ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ಸಾಧ್ಯತೆಗಾಗಿ ರಕ್ತದ ಜೀನ್ ಪರೀಕ್ಷೆ ಬೇಕಾಗುತ್ತದೆ. ಅದು ಖಚಿತವಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ದೋಷ ಬಂದಿರುವ ಸಂಭವ ತಲಾ ಶೇ. 50. ಹಾಗಾಗಿ ಈ ಮಾತನ್ನು ಮನೆಯಲ್ಲಿ ಮುಚ್ಚಿಡಬಾರದೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ದೋಷ ಮೊದಲೇ ತಿಳಿದವರು ಹೊತ್ತಿಗೆ ಸರಿಯಾಗಿ ಕೊಲೊನೊಸ್ಕೋಪಿ ಮಾಡಿಸಿಕೊಂಡು ಕ್ಯಾನ್ಸರನ್ನೇ ತಡೆಯಬಹುದು. ರೋಗಿಯ ಮಟ್ಟಿಗೂ ಈ ಸಾಲು ಮುಖ್ಯವೇ. ಕ್ಯಾನ್ಸರಿನ ಎರಡನೇ ಹಂತದಲ್ಲಿ (ಸ್ಟೇಜ್ 2) ಎಂಎಂಆರ್ ದೋಷವಿರುವ ಗೆಡ್ಡೆ ಮರುಕಳಿಸುವುದು ಕಡಿಮೆ, ಅದಕ್ಕೆ 5-ಎಫ್‌ಯು ಎಂಬ ಕೀಮೋ ಔಷಧಿ ಒಂದನ್ನೇ ಕೊಡುವುದರಿಂದ ಪ್ರಯೋಜನ ಕಂಡಿಲ್ಲ. ಹರಡಿದ ಹಂತದಲ್ಲಾದರೆ ಪೆಂಬ್ರೋಲಿಜುಮ್ಯಾಬ್‌ನಂಥ ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರನ್ನು ಎದುರಿಸುವ ಚಿಕಿತ್ಸೆ) ದಾರಿ ತೆರೆಯುತ್ತದೆ.

ಕೆ-ರಾಸ್, ಎನ್-ರಾಸ್ ಎಂಬ ಜೀನ್‌ಗಳ ಸಾಲುಗಳು ಮ್ಯುಟೇಷನ್‌ಗೆ ಸಂಬಂಧಿಸಿದವು. ಅಲ್ಲಿ "ವೈಲ್ಡ್ ಟೈಪ್" ಎಂದಿದ್ದರೆ ಗೆಡ್ಡೆ ಉಗ್ರವಾಗಿದೆ ಎಂದಲ್ಲ, ಜೀನ್ ಬದಲಾಗದೆ ಸಹಜವಾಗಿದೆ ಎಂದು. ಸುಮಾರು ಶೇ. 40ರಷ್ಟು ರೋಗಿಗಳಲ್ಲಿ ಕೆ-ರಾಸ್ ಬದಲಾಗಿರುತ್ತದೆ, ಅಂಥವರಿಗೆ ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಎಂಬ ಔಷಧಿಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಬದಲಾಗದಿದ್ದಾಗಲೂ ಆ ಔಷಧಿಗಳು ಎಡಭಾಗದ ಕರುಳಿನ ಗೆಡ್ಡೆಗೇ ಹೆಚ್ಚು ಒಗ್ಗುತ್ತವೆ. ಆದ್ದರಿಂದ ಗೆಡ್ಡೆ ಯಾವ ಭಾಗದಲ್ಲಿತ್ತು ಎಂಬುದನ್ನು ವರದಿಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಅನೇಕ ಜೀನ್‌ಗಳ ಅಭಿವ್ಯಕ್ತಿಯನ್ನು ಅಳೆದು ಅಂಕ ಕೊಡುವ ಪರೀಕ್ಷೆಗಳನ್ನು ಕೊನೆಗೆ ನೋಡಿ. 12 ಜೀನ್‌ಗಳ ಒಂದು ಪರೀಕ್ಷೆಯಲ್ಲಿ 7 ಜೀನ್ ಕ್ಯಾನ್ಸರಿಗೆ ಸಂಬಂಧಿಸಿದವು, 5 ಹೋಲಿಕೆಗೆ ಇಟ್ಟವು. ಅದರ 0ಯಿಂದ 100ರವರೆಗಿನ ಅಂಕ ರೋಗ ಮರುಕಳಿಸುವ ಸಂಭವವನ್ನು ಸೂಚಿಸುತ್ತದೆ, ಕೀಮೋದಿಂದ ಎಷ್ಟು ಲಾಭವಾದೀತು ಎಂಬುದನ್ನಲ್ಲ. 2015ರಲ್ಲಿ ಪ್ರಕಟವಾದ ಸಿಎಂಎಸ್ (ಕನ್ಸೆನ್ಸಸ್ ಮಾಲಿಕ್ಯುಲರ್ ಸಬ್‌ಟೈಪ್ಸ್) ವರ್ಗೀಕರಣ ಅಭಿವ್ಯಕ್ತಿಯ ಆಧಾರದ ಮೇಲೆ ಈ ಕ್ಯಾನ್ಸರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿತು. ಸಂಶೋಧನೆಗೆ ಅದು ದೊಡ್ಡ ಬೆಳಕು, ಆದರೆ ದಿನನಿತ್ಯದ ಔಷಧಿ ಆಯ್ಕೆ ಅದರ ಮೇಲೆ ನಿಂತಿಲ್ಲ. ಸಾಲ ಮಾಡಿ ಇಂಥ ಪರೀಕ್ಷೆ ಮಾಡಿಸುವ ಮುನ್ನ "ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಡಾಕ್ಟ್ರೇ?" ಎಂದು ಕೇಳಲು ಸಂಕೋಚಪಡಬೇಡಿ.

ಊರಿನಲ್ಲಿ ಆಪರೇಷನ್ ಆಗಿದ್ದರೆ ಮೇಣದ ಬ್ಲಾಕ್‌ಗಳನ್ನೂ ಸ್ಲೈಡ್‌ಗಳನ್ನೂ ಕೇಳಿ ಪಡೆದು, ಸಂಖ್ಯೆ ಅಳಿಸದಂತೆ ಸಣ್ಣ ಡಬ್ಬಿಯಲ್ಲಿಟ್ಟು, ಬಿಸಿಲು ತಾಗದ ಚೀಲದಲ್ಲಿ ನಿಮ್ಮ ಕೈಯಲ್ಲೇ ತನ್ನಿ. ಮೇಣ ಕರಗಿದರೆ ಒಳಗಿನ ಅಂಗಾಂಶ ಕದಲುತ್ತದೆ.