ಕುಸುರೆಳ್ಳಿಗೆ ಮುಳ್ಳು ಏಳಬೇಕಾದರೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡ ಮನೆಗಳಲ್ಲೂ ಈಗ ಸಂಕ್ರಮಣದ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಏರಿಸಿ ಮೈತುಂಬ ಮುಳ್ಳು ಎಬ್ಬಿಸಿದ ಎಳ್ಳು, ಪೇಟೆಯಿಂದಲೇ ಬರುವುದು ಹೆಚ್ಚು. ಪೇಟೆಯದು ನೋಡಲು ಚೆಂದ, ಬಾಯಿಗೆ ಹಾಕಿದರೆ ಬರೀ ಸಕ್ಕರೆ. ಮನೆಯದರಲ್ಲಿ ಕೊನೆಗೆ ಹಲ್ಲಿಗೆ ಒಂದು ಎಳ್ಳು ಸಿಗುತ್ತದೆ. ಮಾಡುವುದು ಕಷ್ಟವಲ್ಲ, ಅವಸರ ಮಾತ್ರ ನಡೆಯದು. ಮೂರು ದಿನ, ದಿನಕ್ಕೆ ಒಂದೂವರೆಯಿಂದ ಎರಡು ತಾಸು ಬೇಕು.

ಹಬ್ಬ ಜನವರಿ 14ಕ್ಕೆ, ಕೆಲವು ವರ್ಷ 15ಕ್ಕೆ. ಇದು ಚಂದ್ರನ ತಿಥಿಯ ಹಬ್ಬವಲ್ಲ, ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ. ಅದಕ್ಕೇ ದೀಪಾವಳಿಯ ಹಾಗೆ ತಾರೀಖು ಹಿಂದೆ ಮುಂದೆ ಓಡಾಡುವುದಿಲ್ಲ. ಉತ್ತರಾಯಣದ ಹಬ್ಬ ಎನ್ನುತ್ತೇವಾದರೂ ಸೂರ್ಯ ನಿಜವಾಗಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21–22ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹೀಗೆ 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಮಣ ಹಿಂದೆ ಬೀಳುತ್ತ ಬಂದಿದೆ.

ಹಬ್ಬದ ಹಿಂದಿನ ದಿನ ಭೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗಜ್ಜರಿ, ಬದನೆಕಾಯಿ, ಅವರೆ, ಹಸಿ ಕಡಲೆ ಎಲ್ಲ ಕೂಡಿಸಿದ ಪಲ್ಯದ ಗಡಿಬಿಡಿಯಲ್ಲಿ ಒಲೆ ಖಾಲಿ ಇರುವುದಿಲ್ಲ. ಸೊಲ್ಲಾಪುರ ಊರಿನಲ್ಲಂತೂ ಸಿದ್ಧರಾಮೇಶ್ವರನ ಜಾತ್ರೆಯೂ ಇದೇ ಹೊತ್ತಿಗೆ: 68 ಲಿಂಗಗಳಿಗೆ ಎಣ್ಣೆಮಜ್ಜನ, ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ, ಬೀದಿಯಲ್ಲಿ ಏಳು ನಂದಿಧ್ವಜ. (ಅಲ್ಲಿಯ ಮರಾಠಿ ಪತ್ರಿಕೆಗಳೂ ‘ಯಣ್ಣಿಮಜ್ಜನ’ ಎಂದೇ ಅಚ್ಚು ಹಾಕುತ್ತವೆ.) ಆ ಗದ್ದಲದಲ್ಲಿ ಪಾಕದ ಮುಂದೆ ಕೂರಲು ಆಗದು. 9ನೇ ತಾರೀಖಿಗೇ ಶುರು ಮಾಡಿ.

ಬೇಕಾದದ್ದು ಇಷ್ಟೇ: ಬಿಳಿ ಎಳ್ಳು 50 ಗ್ರಾಂ, ಸಕ್ಕರೆ ಅರ್ಧ ಕಿಲೊ, ನೀರು ಕಾಲು ಲೀಟರ್, ಹಾಲು ಒಂದು ದೊಡ್ಡ ಚಮಚ. ಎಳ್ಳಿನಲ್ಲಿ ಸಣ್ಣ ಹರಳು ಇರುತ್ತದೆ, ಜಾಲಿಸಿ ತೊಳೆದು ಇಡೀ ದಿನ ಬಿಸಿಲಿಗೆ ಹಾಕಿ. ಹುರಿಯಬೇಡಿ. ಚಟಚಟ ಎಂದರೆ ಎಣ್ಣೆ ಬಿಟ್ಟಿತು ಎಂದೇ ಅರ್ಥ. ಎಣ್ಣೆ ಬಿಟ್ಟ ಎಳ್ಳಿಗೆ ಪಾಕ ಅಂಟುವುದಿಲ್ಲ.

ಸಕ್ಕರೆ, ನೀರು ಕೂಡಿಸಿ ಕುದಿಸಿ. ಕುದಿ ಬಂದಾಗ ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ತೆಳು ಬಟ್ಟೆಯಲ್ಲಿ ಸೋಸಿ. ಮತ್ತೆ ಒಲೆಗಿಟ್ಟು, ಬೆರಳಿಗೆ ಜಿಗುಟು ಹತ್ತಿ ಎಳೆ ಈಗ ಬಂದೀತು, ಆಗ ಬಂದೀತು ಎನ್ನುವಾಗ ಇಳಿಸಿ. ಗಟ್ಟಿಯಾದರೆ ಎಳ್ಳು ಒಂದಕ್ಕೊಂದು ಅಂಟಿ ಚಿಕ್ಕಿಯಾಗುತ್ತದೆ. ತೆಳುವಾದರೆ ಎಳ್ಳು ನೆನೆದು ಮೆತ್ತಗಾಗುತ್ತದೆ, ಸಕ್ಕರೆ ಕೂರುವುದಿಲ್ಲ. ಕೊಳೆ ತೆಗೆಯಲು ಹಾಲಿನ ಬದಲು ಲಿಂಬೆ ಹಿಂಡುವವರಿದ್ದಾರೆ. ಇಲ್ಲಿ ಅದು ಬೇಡವೇ ಬೇಡ. ಹುಳಿ ಬಿದ್ದರೆ ಸಕ್ಕರೆ ಹರಳುಗಟ್ಟುವುದನ್ನು ತಡೆಯುತ್ತದೆ, ನಮಗೆ ಬೇಕಾದದ್ದು ಹರಳೇ. ಲಿಂಬೆ ಹಾಕಿದ ಪಾಕದ ಕುಸುರೆಳ್ಳು ಎಷ್ಟು ಹೊತ್ತು ತಿರುವಿದರೂ ಜಿಗಿಜಿಗಿ.

ಹಿಂದೆ ಸೆಗಡಿಯ ಕೆಂಡದ ಮೇಲೆ ಹಿತ್ತಾಳೆಯ ಪರಾತ ಇಟ್ಟು ಮಾಡುತ್ತಿದ್ದರು. ಗ್ಯಾಸ್ ಮೇಲಾದರೆ ಸಣ್ಣ ಬರ್ನರು, ಅದರ ಮೇಲೆ ರೊಟ್ಟಿ ಹಂಚು, ಹಂಚಿನ ಮೇಲೆ ದಪ್ಪ ತಳದ ಅಗಲ ಪಾತ್ರೆ. ಕಾವು ಎಷ್ಟು? ಬರಿಗೈಯಲ್ಲಿ ಎಳ್ಳು ಆಡಿಸಲು ಬರಬೇಕು, ಅಷ್ಟೇ. ಬೆರಳು ಚುರುಕ್ ಎಂದರೆ ಉರಿ ಹೆಚ್ಚಾಯಿತು.

ಎಳ್ಳು ಬೆಚ್ಚಗಾದ ಮೇಲೆ ಒಂದು ಸಣ್ಣ ಚಮಚ ಪಾಕ ಹಾಕಿ ಬೆರಳ ತುದಿಯಿಂದ ತಿರುವಿ. ಮೊದಲು ಒದ್ದೆಯಾಗಿ ಮುದ್ದೆಗಟ್ಟುತ್ತದೆ, ಬಿಡಿಸುತ್ತ ಹೋದಂತೆ ಕಾಳು ಕಾಳಾಗಿ, ಎರಡು ಮೂರು ನಿಮಿಷಕ್ಕೆ ಒಣಗಿ ಸರಸರ ಸದ್ದು ಬರುತ್ತದೆ. ಆ ಸದ್ದು ಬಂದ ಮೇಲೆಯೇ ಮುಂದಿನ ಚಮಚ. ಸದ್ದು ಬರುವ ಮುಂಚೆ ಇನ್ನೊಂದು ಚಮಚ ಸುರಿಯುವುದೇ ಹೊಸಬರು ಮಾಡುವ ತಪ್ಪು. ಮೊದಲ ದಿನ ಮುಗಿಯುವಾಗ ಎಳ್ಳಿಗೆ ಬಿಳಿ ಅಂಗಿ ತೊಡಿಸಿದ ಹಾಗಿರುತ್ತದೆ, ಮುಳ್ಳು ಕಾಣುವುದಿಲ್ಲ. ನಿರಾಶರಾಗಬೇಡಿ.

ತೆಳು ಬಟ್ಟೆ ಮುಚ್ಚಿ ರಾತ್ರಿ ಬಿಡಿ. ತಟ್ಟೆ ಮುಚ್ಚಿದರೆ ಬೆವತು ಹಾಳಾಗುತ್ತದೆ. ಮರುದಿನ ಉಳಿದ ಪಾಕ ಹರಳುಗಟ್ಟಿದ್ದರೆ ಎರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿ, ಅದೇ ಹದಕ್ಕೆ ತನ್ನಿ. ಎಳ್ಳನ್ನು ಮಾತ್ರ ಸಣ್ಣ ಜರಡಿಯಲ್ಲಿ ಆಡಿಸಿ ಉದುರಿದ ಸಕ್ಕರೆ ಪುಡಿ ಬೇರೆ ಮಾಡಿ, ಪಾತ್ರೆಯ ತಳಕ್ಕೆ ಹತ್ತಿದ ಸಕ್ಕರೆಯನ್ನೂ ಕೆರೆದು ಒರೆಸಿ. ಈ ಪುಡಿ ಉಳಿದರೆ ಮುಳ್ಳಿನ ಸಂದಿಗೆ ತುಂಬಿ ಕಾಳು ನುಣ್ಣಗಾಗುತ್ತದೆ. ‘ನಮಗೆ ಮುಳ್ಳೇ ಬರಲಿಲ್ಲ’ ಎನ್ನುವವರಲ್ಲಿ ಅರ್ಧ ಜನ ಇದನ್ನೇ ಬಿಟ್ಟಿರುತ್ತಾರೆ.

ಎರಡನೆಯ ದಿನದಿಂದ ಕೈ ಹಗುರಾಗಬೇಕು. ಉಜ್ಜಬಾರದು, ಕೆಳಗಿಂದ ಮೇಲಕ್ಕೆ ಎತ್ತಿ ಬಿಡಬೇಕು. ಉಜ್ಜಿದರೆ ಆಗಷ್ಟೇ ಎದ್ದ ಮುಳ್ಳು ಮುರಿಯುತ್ತದೆ. ಪಾಕವೂ ಅರ್ಧ ಚಮಚ ಸಾಕು. ಒಂದು ಕಾಳನ್ನು ಅಂಗೈಯಲ್ಲಿಟ್ಟು ನೋಡಿ: ಸಂಜೆಯ ಹೊತ್ತಿಗೆ ಮೈಮೇಲೆ ಸಣ್ಣ ಗುಳ್ಳೆಗಳು, ಮೂರನೆಯ ದಿನ ಅವೇ ಚೂಪಾಗಿ ಬೆಳೆದ ಮುಳ್ಳುಗಳು. ಬಣ್ಣ ಬೇಕಿದ್ದರೆ ಕೊನೆಯ ನಾಲ್ಕೈದು ಚಮಚಕ್ಕೆ ಕೇಸರಿ ಕದಡಿ. ಮೋಡ ಮುಸುಕಿದ ದಿನ ಕೆಲಸಕ್ಕೇ ಕೂರಬೇಡಿ, ಗಾಳಿಯ ತೇವಕ್ಕೆ ಪಾಕ ಒಣಗುವುದೇ ಇಲ್ಲ. ಪುಷ್ಯದ ಒಣ ಚಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹವೆ.

ಹೊಸ ಸೊಸೆಗೆ, ಮಗುವಿಗೆ ಮೊದಲ ಸಂಕ್ರಮಣದಲ್ಲಿ ಕುಸುರೆಳ್ಳಿನ ಒಡವೆ ತೊಡಿಸುವುದಿದ್ದರೆ ಎಳ್ಳು ಸಣ್ಣದಾಯಿತು. ಅದಕ್ಕೆ ಸಾಬುದಾಣಿಗೇ ಪಾಕ ಏರಿಸಿ. ಸೂಜಿ ಚುಚ್ಚಬೇಡಿ, ಒಡೆಯುತ್ತದೆ. ದಾರದ ಕುಣಿಕೆಯಲ್ಲಿ ಒಂದೊಂದೇ ಕಾಳು ಸಿಕ್ಕಿಸಿ ಗಂಟು ಬಿಗಿಯಬೇಕು, ಮುಳ್ಳಿದ್ದರೆ ದಾರ ಜಾರುವುದಿಲ್ಲ. ಬೇರೆ ಹಬ್ಬಕ್ಕೆ ಬೇಡವೆನ್ನುವ ಕರಿ ಸೀರೆ ಈ ಹಬ್ಬಕ್ಕೆ ನಡೆಯುತ್ತದೆ, ಬಿಳಿ ಒಡವೆ ಅದರ ಮೇಲೆ ಎದ್ದು ಕಾಣುತ್ತದೆ.

ಮಕ್ಕಳಿಗೆ ಹಣ್ಣೆರೆಯುವಾಗ ಬಾರಿಹಣ್ಣು, ಚುರಮುರಿ, ಕಬ್ಬಿನ ತುಂಡು, ಚಿಲ್ಲರೆ ದುಡ್ಡಿನ ಜೊತೆ ಒಂದು ಹಿಡಿ ಕುಸುರೆಳ್ಳು ಹಾಕಿ. ಕಬ್ಬು ಉಗುರಿನಷ್ಟೇ ಇರಲಿ, ತಲೆಗೆ ಪೆಟ್ಟಾಗಬಾರದು. ಹರಿದಾಡುವ ಕೂಸಿದ್ದರೆ ಎರೆದ ಕೂಡಲೇ ನೆಲ ಗುಡಿಸಿ, ಬಾರಿಬೀಜ, ದುಡ್ಡು ಎರಡೂ ಗಂಟಲಲ್ಲಿ ಸಿಕ್ಕುವಂಥವು.

ಹಂಚುವಾಗ ಚಿಕ್ಕವರು ದೊಡ್ಡವರ ಕೈಗೆ ಕೊಟ್ಟು ಕಾಲಿಗೆ ಬೀಳುತ್ತಾರೆ. ‘ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ್ರಿ’ ಎಂದು ನಾವು ಅಂದರೆ, ಪಕ್ಕದ ಮನೆಯವರು ‘ತಿಳಗೂಳ ಘ್ಯಾ, ಗೋಡ ಗೋಡ ಬೋಲಾ’ ಎನ್ನುತ್ತಾರೆ. ಸಂಕ್ರಮಣಕ್ಕೆ ಮುಗಿಯದಿದ್ದರೂ ಚಿಂತೆಯಿಲ್ಲ, ರಥಸಪ್ತಮಿಯ ತನಕ ಕೊಡಬಹುದು. ಪೂರ್ತಿ ಆರಿದ ಮೇಲೆ ಗಾಜಿನ ಭರಣಿಗೆ ತುಂಬಿ, ಫ್ರಿಜ್ಜಿನಲ್ಲಿಡಬೇಡಿ. ಜರಡಿ ಹಿಡಿದಾಗ ಉದುರಿದ ಪುಡಿಯನ್ನು ಚೆಲ್ಲಬೇಡಿ, ಎಳ್ಳಿನ ಘಮ ಹತ್ತಿದ ಆ ಸಕ್ಕರೆ ಮಾದಲಿಗೆ ಚೆನ್ನಾಗಿರುತ್ತದೆ.