ತಿಗಣೆಗೆ ಒಂದೇ ಸಲ ಔಷಧಿ ಹೊಡೆದ್ರೆ ಸಾಲಲ್ಲ

ಬೆಳಿಗ್ಗೆ ಎದ್ರೆ ತೋಳಿನ ಮೇಲೆ ಮೂರ್ನಾಲ್ಕು ದದ್ದು, ಕೆರೆದಷ್ಟೂ ನವೆ, ಸೊಳ್ಳೆ ಇರ್ಬೇಕು ಅಂದ್ಕೊಂಡು ಸುಮ್ನಾಗ್ತೀವಿ. ಬರೀ ದದ್ದು ನೋಡಿ ತಿಗಣೆ ಅಂತ ಹೇಳಕ್ಕಾಗಲ್ಲ, ಕೆಲವರಿಗಂತೂ ಕಚ್ಚಿದ ಗುರುತೇ ಏಳಲ್ಲ. ಹಾಗಾಗಿ ಮೊದ್ಲು ಹುಡುಕಬೇಕು.

ಟಾರ್ಚ್ ಹಿಡ್ಕೊಂಡು ಹಾಸಿಗೆಯ ಹೊಲಿಗೆ, ಮಂಚದ ಸಂದು, ಸ್ಕ್ರೂ ತೂತು, ತಲೆಕಡೆ ಹಲಗೆಯ ಹಿಂಬದಿ ಎಲ್ಲಾ ನೋಡಿ. ದೊಡ್ಡ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತೆ, ಸೇಬಿನ ಬೀಜದಷ್ಟು. ಅದು ಕಾಣದಿದ್ರೂ ಶಾಯಿ ಚುಕ್ಕೆ ಹಂಗಿರೋ ಅದರ ಹಿಕ್ಕೆ ಕಾಣುತ್ತೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಹರಡುತ್ತೆ. ಕಳಚಿಟ್ಟ ಸಿಪ್ಪೆನೂ ಸಿಗಬಹುದು.

ಸಿಕ್ತು ಅಂತ ದಿಂಬು ಎತ್ಕೊಂಡು ಪಕ್ಕದ ರೂಮಿಗೆ ಮಲಗೋಕೆ ಹೋಗ್ಬೇಡಿ, ನಿಮ್ ಜೊತೆ ಅವೂ ಬರ್ತವೆ, ಆಮೇಲೆ ಎರಡು ರೂಮಿನ ಕೆಲಸ.

ಬೆಡ್‌ಶೀಟ್, ಹೊದಿಕೆ, ದಿಂಬಿನ ಕವರ್ ಎಲ್ಲಾ ಅಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ತಗೊಂಡು ಹೋಗಿ, 60 ಡಿಗ್ರಿ ಬಿಸಿನೀರಲ್ಲಿ ಒಗೀರಿ. ಡ್ರೈಯರ್ ಇದ್ರೆ ಜಾಸ್ತಿ ಬಿಸೀಲಿ ಅರ್ಧ ಗಂಟೆ ತಿರುಗಿಸಿ. ಒಗೆಯೋಕಾಗದ ಚಿಕ್ಕ ಸಾಮಾನನ್ನ ಮೈನಸ್ 18 ಡಿಗ್ರಿ ಫ್ರೀಜರಲ್ಲಿ ನಾಲ್ಕು ದಿನ ಇಡಬಹುದು. ಹಾಸಿಗೆನ ಬಿಸಿಲಿಗೆ ಹಾಕೋದು ಎಲ್ಲರೂ ಮಾಡೋದೇ, ಆದ್ರೆ ಮೇಲೆ ಕಾದ್ರೆ ಅವು ಕೆಳಗಡೆ ತಂಪಿರೋ ಕಡೆ ಸರ್ಕೊಳ್ತವೆ ಅಷ್ಟೇ, ಅದನ್ನೊಂದೇ ನಂಬ್ಕೋಬೇಡಿ.

ಆಮೇಲೆ ಮಂಚ ಬಿಚ್ಚಿ. ಸೋಮಾರಿತನ ಮಾಡಿದ್ರೆ ಮುಂದಿನದೆಲ್ಲಾ ದಂಡ. ಮೊಟ್ಟೆ ಅಂಟು ಹಾಕ್ದಂಗೆ ಕಚ್ಕೊಂಡಿರುತ್ತೆ, ಬರೀ ವ್ಯಾಕ್ಯೂಮ್ ಹಿಡಿದ್ರೆ ಬರಲ್ಲ, ಹಳೇ ಬ್ರಷ್ಷಲ್ಲಿ ಉಜ್ಜಿ ಎಬ್ಬಿಸಿ ಆಮೇಲೆ ಎಳೀಬೇಕು. ಕಸವನ್ನ ಕೂಡಲೇ ಕಟ್ಟಿ ಹೊರಗೆ ಹಾಕಿ. ಸ್ಟೀಮರ್ ಇದ್ರೆ ಸಂದುಗಳ ಮೇಲೆ ನಿಧಾನಕ್ಕೆ ಹಾಯಿಸಿ, ಬೇಗ ಬೇಗ ಹಾಯಿಸಿದ್ರೆ ಬಿಸಿ ಒಳಗಿಳಿಯಲ್ಲ.

ಔಷಧಿ ವಿಚಾರಕ್ಕೆ ಬಂದ್ರೆ, ಅಂಗಡೀಲಿ ಸಿಗೋ ಸುಮಾರು ಸ್ಪ್ರೇಗಳಲ್ಲಿ ಪೈರೆಥ್ರಾಯ್ಡ್ ಜಾತಿಯ ವಿಷ ಇರುತ್ತೆ, ಅದನ್ನ ತಡ್ಕೊಳ್ಳೋ ತಿಗಣೆಗಳು ಈಗ ಎಷ್ಟೋ ದೇಶಗಳಲ್ಲಿ ಇವೆ. ರೂಮೆಲ್ಲಾ ಹೊಗೆ ತುಂಬಿಸೋ ಫಾಗರ್ ಸಂದಿಯೊಳಗೆ ಹೋಗೋದೇ ಇಲ್ಲ. ಸೀಮೆಎಣ್ಣೆ ಪೆಟ್ರೋಲ್ ಸುರಿಯೋದಂತೂ ಬೇಡವೇ ಬೇಡ, ಮನೆಗೆ ಬೆಂಕಿ ಬೀಳುತ್ತೆ. ಪೆಸ್ಟ್ ಕಂಟ್ರೋಲ್‌ನವರನ್ನ ಕರೆದ್ರೆ ಎಷ್ಟು ಸಲ ಬರ್ತೀರಿ ಅಂತ ಮೊದ್ಲೇ ಕೇಳಿ, ಒಂದೇ ಸಲ ಅಂದ್ರೆ ಬೇರೆಯವರನ್ನ ನೋಡಿ.

ಯಾಕಂದ್ರೆ ಆಟ ಇರೋದೇ ಮೊಟ್ಟೇಲಿ. ಎಷ್ಟೋ ಔಷಧಿ ಮೊಟ್ಟೆಗೆ ತಾಗಲ್ಲ, ಅದು ಸಾಮಾನ್ಯವಾಗಿ 6ರಿಂದ 10 ದಿನಕ್ಕೆ ಒಡೆದು ಮರಿ ಬರುತ್ತೆ, ನಾವು ಎಲ್ಲಾ ಹೋಯ್ತು ಅಂತ ನೆಮ್ಮದಿಯಾಗಿ ಮಲಗಿರ್ತೀವಿ. ಅದಕ್ಕೇ ಎರಡು ವಾರ ಬಿಟ್ಟು ಇಷ್ಟೂ ಕೆಲಸ ಮತ್ತೆ ಮಾಡ್ಬೇಕು, ಆಮೇಲೂ ಕಂಡ್ರೆ ಮೂರನೇ ಸಲ.

ಈ ವಾರಗಳ ನಡುವೆ ಮಂಚನ ಗೋಡೆಯಿಂದ ದೂರ ಎಳ್ಕೊಂಡು, ಹೊದಿಕೆ ನೆಲಕ್ಕೆ ತಾಗದ ಹಂಗೆ ನೋಡ್ಕೊಂಡು, ನಾಲ್ಕೂ ಕಾಲಿನ ಕೆಳಗೆ ಒಳಗೋಡೆ ನುಣ್ಣಗಿರೋ ಬಟ್ಟಲು ಇಟ್ಟು ಸ್ವಲ್ಪ ಟಾಲ್ಕಂ ಪೌಡರ್ ಸವರಿ. ತಿಗಣೆ ಹಾರಲ್ಲ, ನೆಗೆಯಲ್ಲ, ಬಿದ್ರೆ ಹತ್ತೋಕೂ ಆಗಲ್ಲ. ವಾರಕ್ಕೊಂದ್ಸಲ ಬಟ್ಟಲು ನೋಡ್ತಾ ಇರಿ. ಊಟ ಇಲ್ದೆ ತಿಂಗಳುಗಟ್ಟಲೆ ಬದುಕೋ ಪ್ರಾಣಿ ಅದು, ಹದಿನೈದು ದಿನ ಬಟ್ಟಲು ಖಾಲಿ ಇತ್ತು ಅಂತ ಎತ್ತಿಟ್ಟುಬಿಡ್ಬೇಡಿ.